ಆಂಟಿವೈರಸ್ ಆಫ್ ಮಾಡಿ ಅನ್ನುವ ಸಾಫ್ಟ್‌ವೇರನ್ನು ಮುಟ್ಟಬೇಡಿ: ನನ್ನ ಒಂಬತ್ತು ವರ್ಷದ ಕೆಲಸ ಹೋಗಿದ್ದು ಹೀಗೆ

ಮೊನ್ನೆ ಸಂಜೆ ಪಕ್ಕದ ಜೆರಾಕ್ಸ್ ಅಂಗಡಿಯ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಅಣ್ಣಾ, ಇದು ಇನ್‌ಸ್ಟಾಲ್ ಆಗ್ತಿಲ್ಲ. ಆಂಟಿವೈರಸ್ ಅಡ್ಡ ಬರ್ತೈತಿ. ಹೆಂಗೆ ಆಫ್ ಮಾಡಾದು?" ಅಂದ. ನೋಡಿದರೆ ಒಂದು ಜಿಪ್ ಫೈಲ್, ಪಾಸ್‌ವರ್ಡ್ 1234. ನನಗೆ ಎದೆ ಧಸಕ್ಕೆಂದಿತು. 2022ರಲ್ಲಿ ನಾನು ತೆರೆದದ್ದೂ ಇಂಥದ್ದೇ ಫೈಲು. ಅದನ್ನು ಅಲ್ಲೇ ಅಳಿಸಿಸಿದೆ. ಆ ಹುಡುಗನಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳೋಣ ಅಂತ ಬರೆಯುತ್ತಿದ್ದೇನೆ.

ನನ್ನದು ದಾವಣಗೆರೆಯಲ್ಲಿ ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತೀರಿಕೊಂಡವರ ಶಿವಗಣಾರಾಧನೆ ಪತ್ರಿಕೆ, ದುಗ್ಗಮ್ಮನ ಜಾತ್ರೆ ಬಂದರೆ ಕರಪತ್ರ. ನುಡಿಯಲ್ಲಿ ಟೈಪ್ ಮಾಡಿ, ಕೋರೆಲ್‌ಡ್ರಾದಲ್ಲಿ ಕೂರಿಸಿ, ಪ್ರೂಫ್ ತೋರಿಸಿ ಪ್ರೆಸ್ಸಿಗೆ ಕಳಿಸುವ ಕೆಲಸ. ಮಾಡಿದ ಯಾವ ಕಾರ್ಡನ್ನೂ ಅಳಿಸುತ್ತಿರಲಿಲ್ಲ. ಅಣ್ಣನ ಮದುವೆ ಕಾರ್ಡು ಮಾಡಿಸಿದವರು ನಾಲ್ಕು ವರ್ಷ ಬಿಟ್ಟು ತಮ್ಮನದ್ದಕ್ಕೂ ಬರುತ್ತಾರೆ, "ಅದೇ ಡಿಸೈನ್ ಇರ್ಲಿ" ಅನ್ನುತ್ತಾರೆ. ಹೀಗೆ ಒಂಬತ್ತು ವರ್ಷದ್ದು ಒಂದೇ ಕಂಪ್ಯೂಟರಿನಲ್ಲಿತ್ತು. ಬ್ಯಾಕಪ್ ಅಂತ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇತ್ತು. ಆದರೆ ಅದು ದಿನವಿಡೀ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುತ್ತಿತ್ತು.

ಆ ಫೆಬ್ರವರಿಯಲ್ಲಿ ಮದುವೆ ಸೀಸನ್ ಜೋರಾಗಿತ್ತು. ಹರಿಹರದಿಂದ ಒಬ್ಬ ನಿವೃತ್ತ ಮೇಷ್ಟ್ರು ಪೆನ್‌ಡ್ರೈವ್ ತಂದರು. ಮಗನ ಮದುವೆಯ ಫೋಟೋ ಅದರಲ್ಲಿದ್ದವು, ಮನೆಯಲ್ಲಿ ಯಾರೋ ಗೊತ್ತಿಲ್ಲದೆ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರು. "ಹೆಂಗಾರ ಮಾಡಿ ತಗದುಕೊಡಪ್ಪ" ಅಂದರು. ಫಾರ್ಮ್ಯಾಟ್ ಆದರೂ ಮೇಲೆ ಬೇರೇನೂ ತುಂಬದಿದ್ದರೆ ಫೋಟೋ ಒಳಗೇ ಇರುತ್ತವೆ ಅಂತ ನನಗೆ ಗೊತ್ತಿತ್ತು. ಒಂದು ರಿಕವರಿ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ಫೋಟೋಗಳು ಚಿಕ್ಕದಾಗಿ ಕಂಡವು. ಉಳಿಸಿಕೊಳ್ಳಲು ಹೋದಾಗ ಮೊದಲು ದುಡ್ಡು ಕಟ್ಟಿ ಅಂದಿತು. ಒಂದೇ ಪೆನ್‌ಡ್ರೈವಿಗೆ ಅಷ್ಟು ಯಾಕೆ ಅಂತ, ಅದೇ ಸಾಫ್ಟ್‌ವೇರಿನ ಹೆಸರಿನ ಮುಂದೆ 'ಫುಲ್ ವರ್ಷನ್ ಫ್ರೀ ಕ್ರ್ಯಾಕ್' ಸೇರಿಸಿ ಗೂಗಲ್ ಮಾಡಿದೆ. ಕ್ರ್ಯಾಕ್ ಅಂದರೆ ದುಡ್ಡು ಕಟ್ಟದೆ ಓಡುವಂತೆ ಮಾಡಿದ ಕಳ್ಳ ಕಾಪಿ.

ತಪ್ಪು ಮಾಡಿದ್ದು ಅಲ್ಲಿ. ಸಿಕ್ಕಿದ ಜಿಪ್ ಜೊತೆ ಒಂದು ಸೂಚನೆ ಇತ್ತು: ಮೊದಲು ಆಂಟಿವೈರಸ್ ಆಫ್ ಮಾಡಿ, ಕ್ರ್ಯಾಕನ್ನು ಅದು ಸುಮ್ನೆ ವೈರಸ್ ಅಂದುಕೊಳ್ಳುತ್ತದೆ ಅಂತ. ನಾನು ನಂಬಿದೆ. ಜಿಪ್‌ಗೆ ಪಾಸ್‌ವರ್ಡ್ ಯಾಕೆ ಹಾಕಿರುತ್ತಾರೆ ಅಂತ ಆಮೇಲೆ ತಿಳಿಯಿತು. ಬೀಗ ಹಾಕಿದ ಜಿಪ್ ಒಳಗೆ ಏನಿದೆ ಅಂತ ಬ್ರೌಸರಿಗಾಗಲಿ ಆಂಟಿವೈರಸ್‌ಗಾಗಲಿ ಕಾಣುವುದಿಲ್ಲ. ಪಾಸ್‌ವರ್ಡ್ ಇರುವುದೇ ಅದಕ್ಕೆ.

ಒಳಗಿದ್ದ ಸೆಟಪ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಏನೂ ತೆರೆಯಲಿಲ್ಲ. ಮತ್ತೆ ಮಾಡಿದೆ. ಸ್ವಲ್ಪ ಹೊತ್ತಿಗೆ 'ವಿಂಡೋಸ್ ಅಪ್‌ಡೇಟ್' ಅಂತ ಕಿಟಕಿ ಬಂತು. ಅಪ್‌ಡೇಟ್ ಮುಗಿಯಲಿ ಅಂತ ಊಟಕ್ಕೆ ಹೋದೆ. ಅದು ಅಪ್‌ಡೇಟ್ ಆಗಿರಲಿಲ್ಲ. ಆ ಕಿಟಕಿಯ ಹಿಂದೆ ವೈರಸ್ಸಿನಿಂದ ಫೈಲುಗಳಿಗೆ ಬೀಗ ಬೀಳುವಾಗ ಕಂಪ್ಯೂಟರ್ ನಿಧಾನವಾಗುತ್ತದಲ್ಲ, ಅದಕ್ಕೆ ಅನುಮಾನ ಬರದಿರಲಿ ಅಂತ ತೋರಿಸುವ ಸುಳ್ಳು ಪರದೆ.

ವಾಪಸ್ ಬಂದು ನೋಡಿದರೆ ಎಲ್ಲ ಐಕಾನ್ ಬಿಳಿ. ಪ್ರತಿ ಫೈಲಿನ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ. ಪ್ರತಿ ಫೋಲ್ಡರಿನಲ್ಲೂ 'ರೀಡ್‌ಮಿ' ಅಂತ ಒಂದು ಟೆಕ್ಸ್ಟ್ ಫೈಲ್. ನಿಮ್ಮ ಫೈಲುಗಳ ಕೀಲಿ ನಮ್ಮ ಹತ್ತಿರ ಇದೆ, 980 ಡಾಲರ್ ಕೊಡಿ, 72 ಗಂಟೆಯೊಳಗೆ ಮಾತಾಡಿದರೆ 490 ಡಾಲರ್ ಸಾಕು ಅಂತ ಅದರಲ್ಲಿತ್ತು. ಆಗಿನ ಲೆಕ್ಕಕ್ಕೆ 490 ಅಂದರೆ ಸುಮಾರು 37 ಸಾವಿರ ರೂಪಾಯಿ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆರೆದೆ. ಅದರಲ್ಲೂ ಅದೇ ಬಾಲ.

ಕಾರ್ಡುಗಳು ಹೋದವು, ಮತ್ತೆ ಮಾಡಬಹುದು. ಆದರೆ ಶಿವಗಣಾರಾಧನೆ ಪತ್ರಿಕೆಗೆ ಜನ ತಂದುಕೊಡುತ್ತಿದ್ದ ಹಳೇ ಫೋಟೋಗಳು ಅಲ್ಲಿದ್ದವು. ಮಡಚಿ ಬಿರುಕು ಬಿಟ್ಟ, ಗೆದ್ದಲು ತಿಂದ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಗಂಟೆಗಟ್ಟಲೆ ಕೂತು ಮುಖ ಸರಿಮಾಡಿ ಇಟ್ಟಿದ್ದೆ. ಆಮೇಲೊಂದು ದಿನ ಆನಗೋಡಿನಿಂದ ಒಬ್ಬ ಹೆಣ್ಣುಮಗಳು ಬಂದರು. ಅವರ ತಾಯಿಯ ಫೋಟೋ ಮನೆಯಲ್ಲಿದ್ದದ್ದು ಮಳೆಗೆ ನೆನೆದು ಹೋಗಿತ್ತಂತೆ. "ನಿಮ್ ಕಂಪ್ಯೂಟರ್‌ನಾಗೆ ಇರ್ತೈತಿ ಅಂತ ಬಂದ್ವಿ ಅಣ್ಣಾರ" ಅಂದರು. ಇಲ್ಲ ಅಂತ ಹೇಳಬೇಕಾಯಿತು. ಅವರ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಗಾಬರಿಯಲ್ಲಿ ಇನ್ನೆರಡು ತಪ್ಪು ಮಾಡಿದೆ. ಫೈಲ್ ತೆಗೆದುಕೊಳ್ಳೋಣ ಅಂತ ನನ್ನ ಇನ್ನೊಂದು ಪೆನ್‌ಡ್ರೈವ್ ಚುಚ್ಚಿದೆ, ಅದಕ್ಕೂ ಬೀಗ ಬಿತ್ತು. ಈ ವೈರಸ್ ಒಂದು ಸಲ ಓಡಿ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ತಾನೇ ಏಳುವಂತೆ ಮಾಡಿಟ್ಟಿರುತ್ತಾರೆ. ಎರಡನೆಯದು, ಪಾಸ್‌ವರ್ಡ್ ಬದಲಿಸಲು ತಡ ಮಾಡಿದೆ. ಬೀಗ ಹಾಕುವ ವೈರಸ್ ಜೊತೆಗೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ಇನ್ನೊಂದೂ ಬರುತ್ತದೆ. ಮೂರನೇ ದಿನ ನನ್ನ ಫೇಸ್‌ಬುಕ್ಕಿಗೆ ಬೇರೆ ದೇಶದಿಂದ ಯಾರೋ ಲಾಗಿನ್ ಆದರು. ನಿಮಗೆ ಹೀಗಾದರೆ ಮೊದಲು ನೆಟ್ ಮತ್ತು ಎಲ್ಲ ಡ್ರೈವ್ ಕಿತ್ತುಹಾಕಿ. ಆಮೇಲೆ ಆ ಕಂಪ್ಯೂಟರಿನಲ್ಲಲ್ಲ, ಮೊಬೈಲಿನಲ್ಲಿ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪರಿಹಾರ ಹುಡುಕೋಣ ಅಂದರೆ ಆ ಕಂಪ್ಯೂಟರಿನಲ್ಲಿ ಆಂಟಿವೈರಸ್ ಕಂಪನಿಗಳ ಸೈಟುಗಳೇ ತೆರೆಯುತ್ತಿರಲಿಲ್ಲ. ಅವನ್ನೂ ವೈರಸ್ಸೇ ತಡೆದಿತ್ತು. ಮೊಬೈಲಿನಲ್ಲಿ ಓದಿ ತಿಳಿದುಕೊಂಡೆ. ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ಇಂಥ ವೈರಸ್‌ಗೆ ರ್‍ಯಾನ್ಸಮ್‌ವೇರ್ ಅನ್ನುತ್ತಾರೆ, ಇದರ ಹೆಸರು ಸ್ಟಾಪ್ ಡಿಜಾವು. ದೊಡ್ಡ ಕಂಪನಿಗಳ ಹಿಂದೆ ಬೀಳುವಂಥದ್ದಲ್ಲ, ಕ್ರ್ಯಾಕ್ ಮತ್ತು ಪುಕ್ಕಟೆ ಲೈಸೆನ್ಸ್ ಕೀ ಹುಡುಕುವ ನಮ್ಮಂಥವರಿಗೇ ಹೆಚ್ಚಾಗಿ ಬಲೆ ಹಾಕುತ್ತದೆ. ಎಮ್ಸಿಸಾಫ್ಟ್ ಎಂಬ ಕಂಪನಿ 2019ರ ಅಕ್ಟೋಬರಿನಲ್ಲಿ ಇದಕ್ಕೆ ಉಚಿತ ಬಿಡಿಸುವ ಸಾಧನ ಕೊಟ್ಟಿದೆ. ಆದರೆ 2019ರ ಆಗಸ್ಟ್ ನಂತರದ ತಳಿಗಳಲ್ಲಿ ಒಂದು ಷರತ್ತಿದೆ. ವೈರಸ್ ಓಡುವಾಗ ಕಳ್ಳರ ಸರ್ವರ್ ಸಿಗದಿದ್ದರೆ, ಎಲ್ಲರಿಗೂ ಒಂದೇ ಆದ ಆಫ್‌ಲೈನ್ ಕೀಲಿ ಹಾಕುತ್ತದೆ. ಆಗ ರೀಡ್‌ಮಿಯಲ್ಲಿ ಕೊಟ್ಟಿರುವ ನಿಮ್ಮ ಐಡಿ 'ಟಿ1' ಅಂತ ಮುಗಿಯುತ್ತದೆ, ಆ ಕೀಲಿ ಸಿಕ್ಕಿದ್ದರೆ ಫೈಲ್ ಬಿಡಿಸಬಹುದು. ಸರ್ವರ್ ಸಿಕ್ಕಿದ್ದರೆ ಒಬ್ಬೊಬ್ಬರಿಗೆ ಒಂದೊಂದು ಕೀಲಿ. ನನ್ನ ಐಡಿ ಟಿ1 ಅಂತ ಮುಗಿಯಲಿಲ್ಲ, ಹಾಗಾಗಿ ಆ ಸಾಧನದಿಂದ ಬಿಡಿಸಲಾಗಲಿಲ್ಲ.

ಆಗ ಡೇಟಾ ರಿಕವರಿ ಮಾಡುತ್ತೇವೆ ಅನ್ನುವ ಒಬ್ಬರು ಫೋನಿನಲ್ಲಿ ಸಿಕ್ಕರು. 5 ಸಾವಿರ ಮುಂಗಡ ಕಳಿಸಿದೆ. ಮರುದಿನ ನನ್ನದೇ ಒಂದು ಫೈಲನ್ನು ಬಿಡಿಸಿ ಕಳಿಸಿದರು, ಉಳಿದದ್ದಕ್ಕೆ 55 ಸಾವಿರ ಕೇಳಿದರು. ಸಾಲ ಕೇಳಲು ಹೊರಟೇಬಿಟ್ಟಿದ್ದೆ. ಹೊರಡುವ ಮೊದಲು ಆ ರೀಡ್‌ಮಿ ಇನ್ನೊಮ್ಮೆ ಓದಿದೆ. ನಂಬಿಕೆಗೆ ಒಂದು ಫೈಲ್ ಪುಕ್ಕಟೆ ಬಿಡಿಸಿಕೊಡುತ್ತೇವೆ ಅಂತ ಕಳ್ಳರೇ ಅದರಲ್ಲಿ ಬರೆದಿದ್ದರು! ಇವರು ಅದನ್ನೇ ಕಳ್ಳರಿಂದ ತರಿಸಿ ನನಗೆ ತೋರಿಸಿದ್ದಿರಬೇಕು. 55 ಸಾವಿರ ಕೊಡಲಿಲ್ಲ, 5 ಸಾವಿರ ವಾಪಸ್ ಬರಲಿಲ್ಲ. ಇಂಥವರು ಸಿಕ್ಕರೆ, ಒಂದು ಫೈಲ್ ಬಿಡಿಸಿದರು ಅಂತ ದಯವಿಟ್ಟು ನಂಬಬೇಡಿ.

ಸ್ವಲ್ಪ ಮಾತ್ರ ಕೈಗೆ ಬಂತು. ಈ ವೈರಸ್ ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತದೆ. ಹಾಗಾಗಿ ದೊಡ್ಡ ಜಿಪ್ ಫೈಲುಗಳನ್ನು ಹೆಸರಿನ ಬಾಲ ತೆಗೆದು 7-ಜಿಪ್‌ನಲ್ಲಿ ತೆರೆದಾಗ, ಮೊದಲಿನದು ಬಿಟ್ಟು ಉಳಿದ ಫೈಲುಗಳು ಹೊರಬಂದವು. ಹಳೇ ಗಿರಾಕಿಗಳಿಗೆ ಮೇಲ್ ಮಾಡಿದ್ದ ಪಿಡಿಎಫ್‌ಗಳು ಸೆಂಟ್ ಫೋಲ್ಡರಿನಲ್ಲಿ ಸಿಕ್ಕವು. ಅಷ್ಟೇ.

ಈಗ ಮೇಷ್ಟ್ರ ಪೆನ್‌ಡ್ರೈವ್ ವಿಷಯ. ಅದೂ ಆವತ್ತು ಕಂಪ್ಯೂಟರಿಗೆ ಚುಚ್ಚಿತ್ತು. ಆದರೆ ಫಾರ್ಮ್ಯಾಟ್ ಆಗಿ ಖಾಲಿ ಇದ್ದದ್ದರಿಂದ ಬೀಗ ಹಾಕಲು ಅದರಲ್ಲಿ ಫೈಲೇ ಕಾಣಲಿಲ್ಲ. ತಂಗಿಯ ಲ್ಯಾಪ್‌ಟಾಪಿನಲ್ಲಿ ಫೋಟೋರೆಕ್ ಎಂಬ ಸಾಧನ ಹಾಕಿ ನೋಡಿದೆ. ಟೆಸ್ಟ್‌ಡಿಸ್ಕ್ ಜೊತೆ ಬರುತ್ತದೆ, ಪೂರ್ತಿ ಉಚಿತ, ಓಪನ್ ಸೋರ್ಸ್. ನೋಡಲು ಕಪ್ಪು ಪರದೆ, ಬರೀ ಅಕ್ಷರ. ಹೊರಬಂದ ಫೋಟೋಗಳನ್ನು ಅದೇ ಪೆನ್‌ಡ್ರೈವಿಗೆ ಉಳಿಸಬಾರದು, ಬೇರೆ ಡಿಸ್ಕಿಗೇ ಉಳಿಸಬೇಕು. ಹಳೇ ಹೆಸರು ಹೋಗಿ ಅಂಕಿಗಳ ಹೆಸರಿನಲ್ಲಿ ಬರುತ್ತವೆ. ಆದರೆ ಬಂದವು, ಸಾವಿರಕ್ಕೂ ಜಾಸ್ತಿ. ಈ ಒಂದು ಹೆಸರು ಮೊದಲೇ ಗೊತ್ತಿದ್ದರೆ ನಾನು ಕ್ರ್ಯಾಕ್ ಹುಡುಕುತ್ತಲೇ ಇರಲಿಲ್ಲ. ಮೇಷ್ಟ್ರ ಹತ್ತಿರ ದುಡ್ಡು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಅದಕ್ಕೇ ಹೆಸರು ಹೇಳುತ್ತಿದ್ದೇನೆ, ಬರೆದಿಟ್ಟುಕೊಳ್ಳಿ. ಅಳಿಸಿದ ಫೈಲ್ ತೆಗೆಯಲು ಫೋಟೋರೆಕ್, ಇಲ್ಲವೇ ಮೈಕ್ರೋಸಾಫ್ಟಿನದೇ ವಿಂಡೋಸ್ ಫೈಲ್ ರಿಕವರಿ. ಜಿಪ್‌ಗೆ 7-ಜಿಪ್, ಪಿಡಿಎಫ್ ಓದಲು ಸುಮಾತ್ರಾ ಪಿಡಿಎಫ್, ವಿಡಿಯೋಗೆ ವಿಎಲ್‌ಸಿ, ಫೈಲ್ ಹುಡುಕಲು ಎವೆರಿಥಿಂಗ್. ಇವು ಯಾವುದಕ್ಕೂ ದುಡ್ಡಿಲ್ಲ, ಕ್ರ್ಯಾಕ್ ಬೇಕಿಲ್ಲ. ಆದರೆ ಇವುಗಳ ಹೆಸರಿನಲ್ಲೂ ನಕಲಿ ಸೈಟು ಮಾಡಿ, ಗೂಗಲ್‌ನಲ್ಲಿ ಜಾಹೀರಾತು ಕೊಟ್ಟು ಮೇಲೆ ಕಾಣಿಸುವಂತೆ ಮಾಡುತ್ತಾರೆ. ಜಾಹೀರಾತು ಬಿಟ್ಟು, ಮಾಡಿದವರ ಸ್ವಂತ ಸೈಟಿನಿಂದಲೇ ಇಳಿಸಿ. ಅನುಮಾನ ಬಂದ ಫೈಲನ್ನು ತೆರೆಯುವ ಮೊದಲು ವೈರಸ್‌ಟೋಟಲ್ ಸೈಟಿಗೆ ಹಾಕಿ, ಹತ್ತಾರು ಆಂಟಿವೈರಸ್‌ಗಳು ಒಟ್ಟಿಗೇ ನೋಡುತ್ತವೆ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಸ್ಕ್ಯಾನ್‌ಗಳನ್ನು ಮಾತ್ರ ಅಲ್ಲಿ ಹಾಕಬೇಡಿ. ಹಾಕಿದ ಫೈಲ್ ಬೇರೆಯವರಿಗೂ ಸಿಗಬಹುದು.

ನಾನೀಗ ಎರಡು ಹಾರ್ಡ್ ಡಿಸ್ಕ್ ಇಟ್ಟಿದ್ದೇನೆ. ಒಂದು ಅಂಗಡಿಯಲ್ಲಿ, ಒಂದು ವಿದ್ಯಾನಗರದ ಮನೆಯಲ್ಲಿ. ಪ್ರತಿ ಶನಿವಾರ ಕಾಪಿ ಮಾಡಿದ ಕೂಡಲೇ ಕಿತ್ತು ಪೆಟ್ಟಿಗೆಗೆ ಹಾಕುತ್ತೇನೆ, ವಾರ ಬಿಟ್ಟು ವಾರ ಅದಲು ಬದಲು. ವಿಂಡೋಸ್ ಸೆಕ್ಯುರಿಟಿಯೊಳಗೆ ರ್‍ಯಾನ್ಸಮ್‌ವೇರ್ ತಡೆಯುವ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಇದೆ, ಅದನ್ನೂ ಆನ್ ಮಾಡಿದ್ದೇನೆ.

ಬೀಗ ಬಿದ್ದ ಹಳೇ ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿಲ್ಲ. ಮುಂದೆ ಎಂದಾದರೂ ಪೊಲೀಸರು ಆ ಕಳ್ಳರನ್ನು ಹಿಡಿದು ಕೀಲಿಗಳು ಹೊರಗೆ ಬಂದರೆ ಬೇಕಾಗುತ್ತದೆ. ಒಂದು ಚೀಟಿಯಲ್ಲಿ ನನ್ನ ಐಡಿ ಬರೆದು, ಡಿಸ್ಕಿಗೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಆನಗೋಡಿನ ಆ ಹೆಣ್ಣುಮಗಳ ಫೋನ್ ನಂಬರೂ ಅದೇ ಚೀಟಿಯಲ್ಲಿದೆ.