ಅಟ್ಟೆ ಬದಲಿಸಬಹುದಾದ ಶೂ: ವರ್ಷಗಟ್ಟಲೆ ಹಾಕಿದ ಮೇಲಿನ ವಿಮರ್ಶೆ

ಡಬ್ಬಿಯ ಮೇಲೆ ಹಸಿರೆಲೆ, ಒಳಗೆ ಮರುಬಳಕೆಯ ಕಾಗದ, ನಾಲಿಗೆಯ ಹಿಂದೆ ‘ಇಂತಿಷ್ಟು ಪ್ಲಾಸ್ಟಿಕ್ ಬಾಟಲಿಗಳಿಂದ ತಯಾರಾಗಿದೆ’ ಎಂಬ ಸಾಲು. ಇಷ್ಟೆಲ್ಲ ಇದ್ದೂ ಆ ಶೂ ಒಂದೂವರೆ ವರ್ಷಕ್ಕೆ ಬಾಯಿ ಬಿಟ್ಟು ಕಸದ ಬುಟ್ಟಿ ಸೇರಿದರೆ ಎಲೆಯಿಂದ ಬಂದ ಭಾಗ್ಯವೇನು? ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಅಂಥ ಯಾವ ಚಿತ್ರವೂ ಇಲ್ಲದ ಗುಡ್‌ಇಯರ್ ವೆಲ್ಟ್ ಹೊಲಿಗೆಯ ಚರ್ಮದ ಶೂ. ಅಟ್ಟೆ ಸವೆದರೆ ಬಿಚ್ಚಿ ಹೊಸದು ಹೊಲಿಯಬಹುದಾದ ಬಗೆ. ಪಕ್ಕದಲ್ಲಿಟ್ಟು ತೂಗಲು, ಅಂಟಿನಿಂದ ಕೂರಿಸಿದ ‘ಪರಿಸರಸ್ನೇಹಿ’ ಸ್ನೀಕರ್.

ಅಟ್ಟೆಗೆ ಇಷ್ಟು ಮಹತ್ವ ಯಾಕೆಂದರೆ, ಶೂವಿನ ಪರಿಸರ ಹೊರೆಯ ದೊಡ್ಡ ಪಾಲು ಕಾರ್ಖಾನೆಯಲ್ಲೇ ಹುಟ್ಟುತ್ತದೆ. 2013ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸಾಮಾನ್ಯ ರನ್ನಿಂಗ್ ಶೂ ಒಂದರ ಲೆಕ್ಕ ಹಾಕಿದ್ದರು: 65 ಬಿಡಿಭಾಗ, 360ಕ್ಕೂ ಹೆಚ್ಚು ಹಂತದ ಕೆಲಸ, ಒಂದು ಜೋಡಿಗೆ ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹೊಗೆ. ಅದರ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತಯಾರಿಕೆಯದು, ಕಚ್ಚಾವಸ್ತುವಿನದು ಶೇ. 30ಕ್ಕಿಂತ ಕಡಿಮೆ. ಅಂದರೆ ಬಟ್ಟೆಯನ್ನಷ್ಟೇ ಮರುಬಳಕೆಯದು ಮಾಡಿದರೆ ಕೈಹಾಕಿದ್ದು ಚಿಕ್ಕ ಪಾಲಿಗೆ. ಅದೇ ಶೂ ಎರಡು ಪಟ್ಟು ದಿನ ಬಾಳಿದರೆ ಇಡೀ ಹೊರೆ ವರ್ಷದ ಲೆಕ್ಕದಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ಇದು ಸಿಂಥೆಟಿಕ್ ಶೂವಿನ ಲೆಕ್ಕ. ಚರ್ಮದ ಹಿಂದೆ ದನ ಸಾಕಣೆ, ಹದ ಮಾಡುವ ರಾಸಾಯನಿಕ, ಕೊಳೆ ನೀರು ಎಲ್ಲವೂ ಇವೆ. ಆ ಹೊರೆ ತೀರಬೇಕಾದರೆ ಬಹಳ ಕಾಲ ಹಾಕಲೇಬೇಕು. ಎರಡೇ ವರ್ಷಕ್ಕೆ ಬೇಸರ ಬಂದು ಬಿಸಾಡುವವರಿಗೆ ಈ ಶೂ ಬೇಡ. ಅವರ ಕೈಯಲ್ಲಿ ಇದು ಸ್ನೀಕರ್‌ಗಿಂತಲೂ ದೊಡ್ಡ ದಂಡ.

ಕಟ್ಟುವ ಬಗೆ ಹೀಗಿದೆ. ಪಾದ ಊರುವ ಇನ್ಸೋಲ್‌ನ ಅಡಿಯಲ್ಲಿ ಸುತ್ತಲೂ ಒಂದು ಏಣು, ಅಂದರೆ ಎದ್ದುನಿಂತ ಅಂಚು, ಇರುತ್ತದೆ. ಮೇಲುಭಾಗದ ಚರ್ಮ, ಒಳಪದರ ಮತ್ತು ವೆಲ್ಟ್ ಎಂಬ ಬೆರಳಗಲದ ಚರ್ಮದ ಪಟ್ಟಿ, ಈ ಮೂರನ್ನೂ ಸೇರಿಸಿ ಆ ಅಂಚಿಗೆ ಹೊಲಿಯುತ್ತಾರೆ. ನಡುವೆ ಉಳಿಯುವ ತಗ್ಗಿಗೆ ಕಾರ್ಕ್ ತುಂಬುತ್ತಾರೆ. ಆಮೇಲೆ ಅಟ್ಟೆಯನ್ನು ಬೇರೊಂದು ಹೊಲಿಗೆಯಲ್ಲಿ ವೆಲ್ಟ್‌ಗೆ ಮಾತ್ರ ಕೂರಿಸುತ್ತಾರೆ. ಈ ಎರಡನೇ ಹೊಲಿಗೆಯೇ ಜೀವಾಳ. ಅದನ್ನು ಕತ್ತರಿಸಿದರೆ ಅಟ್ಟೆ ಕಳಚಿ ಬರುತ್ತದೆ, ಮೇಲುಭಾಗಕ್ಕೆ ಸೂಜಿಯೂ ತಾಗುವುದಿಲ್ಲ. ಒಂದು ದೌರ್ಬಲ್ಯವೂ ಇಲ್ಲೇ ಇದೆ: ಬಹುತೇಕ ಶೂಗಳಲ್ಲಿ ಆ ಏಣು ಇನ್ಸೋಲ್‌ನಿಂದಲೇ ಕೆತ್ತಿದ್ದಲ್ಲ, ಕ್ಯಾನ್ವಾಸ್ ಪಟ್ಟಿಯನ್ನು ಅಂಟಿಸಿದ್ದು. ನೀರು ಕುಡಿದು ಕುಡಿದು ಆ ಅಂಟು ಬಿಟ್ಟರೆ ಒಳಗೆ ಇನ್ಸೋಲ್ ಸಡಿಲವಾಗಿ ಅಲುಗುತ್ತದೆ, ರಿಪೇರಿ ದೊಡ್ಡದಾಗುತ್ತದೆ.

ಅಂಗಡಿಯಲ್ಲಿ ಮೋಸಹೋಗುವುದು ಸುಲಭ. ಅಂಚಿನ ಮೇಲೆ ಅಂದವಾಗಿ ದಾರ ಓಡಿಸಿ, ಅಡಿಯಲ್ಲಿ ಬರೀ ಅಂಟು ಹಾಕಿದ ಶೂಗಳು ಬೇಕಾದಷ್ಟಿವೆ. ಪಟ್ಟಿಯನ್ನು ಹತ್ತಿರದಿಂದ ನೋಡಿ. ನಿಜವಾದ ವೆಲ್ಟ್‌ಗೆ ಎರಡು ತುದಿಗಳಿರುತ್ತವೆ. ಹೀಲಿನ ಬಳಿ ಅವು ಮುಗಿದದ್ದೋ ಕೂಡಿದ್ದೋ ಕಣ್ಣಿಗೆ ಬೀಳುತ್ತದೆ. ಎಲ್ಲೂ ಕೂಡುಗೆರೆ ಇಲ್ಲದೆ ಪ್ಲಾಸ್ಟಿಕ್ಕಿನಂತೆ ನುಣ್ಣಗೆ ಸುತ್ತಿಬಂದಿದ್ದರೆ ಅನುಮಾನಪಡಿ. ದಾರಕ್ಕೆ ಉಗುರು ತಾಗಿಸಿ: ಕೆಲವು ಕಡೆ ಅದು ದಾರವೇ ಅಲ್ಲ, ರಬ್ಬರಿನಲ್ಲೇ ಅಚ್ಚು ಹೊಡೆದ ಉಬ್ಬು. ರಬ್ಬರ್ ಅಟ್ಟೆಯನ್ನು ಮಗುಚಿದರೆ ಸುತ್ತಲಿನ ಕಾಲುವೆಯಲ್ಲಿ ಹೊಲಿಗೆ ಕಾಣಬೇಕು. ಚರ್ಮದ ಅಟ್ಟೆಯಲ್ಲಿ ಕಾಲುವೆಯನ್ನು ಮುಚ್ಚಿಬಿಟ್ಟಿರಬಹುದು, ಆದ್ದರಿಂದ ಅಲ್ಲಿ ಕಾಣಲಿಲ್ಲವೆಂದು ತಳ್ಳಿಹಾಕಬೇಡಿ. ಕೊನೆಗೆ ಶೂ ಒಳಗೆ ಕೈಹಾಕಿ. ಇನ್ಸೋಲ್ ಮೇಲೆ ಅಂಚಿಗೆ ಸಮನಾಗಿ ಹೊಲಿಗೆಯ ಸಾಲು ಸಿಕ್ಕರೆ ಅದು ಬ್ಲೇಕ್ ಹೊಲಿಗೆ. ಅದರ ಅಟ್ಟೆಯನ್ನೂ ಬದಲಿಸಬಹುದು, ಆದರೆ ಅದಕ್ಕೆ ಬೇರೆಯದೇ ಯಂತ್ರ ಬೇಕು, ಹೊಲಿಗೆಯ ತೂತಿನಿಂದ ನೀರೂ ಬೇಗ ಒಳಗಿಳಿಯುತ್ತದೆ.

ಚರ್ಮದ ಬಗೆ ತಿಳಿಯಲು ಶೂವಿಗೆ ಅಂಟಿಸಿದ ಪುಟ್ಟ ಚಿತ್ರಗಳು ಸಾಕು. ಯುರೋಪಿಯನ್ ಒಕ್ಕೂಟ 1994ರ ನಿರ್ದೇಶನದ ಮೂಲಕ ಕಡ್ಡಾಯ ಮಾಡಿದ ಈ ಗುರುತುಗಳು ಬೇರೆ ಕಡೆ ಮಾರುವ ಶೂಗಳ ಮೇಲೂ ಕಾಣಸಿಗುತ್ತವೆ. ಬಿಡಿಸಿಟ್ಟ ತೊಗಲಿನ ಆಕಾರವಿದ್ದರೆ ಚರ್ಮ. ಅದೇ ಆಕಾರದೊಳಗೆ ವಜ್ರಾಕೃತಿ ಇದ್ದರೆ ಲೇಪ ಬಳಿದ ಚರ್ಮ, ಅಂದರೆ ಮೇಲಿನ ಪ್ಲಾಸ್ಟಿಕ್ ಪದರ 0.15 ಮಿ.ಮೀ.ಗಿಂತ ದಪ್ಪ. ಬಲೆಯ ಚಿತ್ರವಿದ್ದರೆ ಬಟ್ಟೆ, ಬರೀ ವಜ್ರಾಕೃತಿಯಿದ್ದರೆ ಉಳಿದ ವಸ್ತುಗಳು. ಲೇಪದ ಚರ್ಮ ಮೊದಲ ದಿನ ಎಲ್ಲಕ್ಕಿಂತ ಹೊಳೆಯುತ್ತದೆ. ಬೆರಳು ಮಡಚುವ ಜಾಗದಲ್ಲಿ ಬಿರುಕು ಬಿಟ್ಟು ಸಿಪ್ಪೆಯಂತೆ ಏಳಲು ಶುರುವಾದರೆ ಯಾವ ಪಾಲಿಶೂ ಅದನ್ನು ಮುಚ್ಚದು. ಅಟ್ಟೆ ಬದಲಿಸಬಹುದಾದ ಶೂವಿಗೆ ಇಂಥ ಮೇಲುಭಾಗ ಇದ್ದರೆ ಅದು ವ್ಯರ್ಥ ಕಸರತ್ತು.

ಬಳಕೆಯ ಮಾತಿಗೆ ಬರೋಣ. ಮೊದಲ ಎರಡು ಮೂರು ವಾರ ಸುಖವಿಲ್ಲ. ಹಿಮ್ಮಡಿ ಉಜ್ಜುತ್ತದೆ, ಅಟ್ಟೆ ಹಲಗೆಯಂತಿರುತ್ತದೆ. ದಿನಕ್ಕೆ ಒಂದೆರಡು ಗಂಟೆಯಂತೆ, ದಪ್ಪ ಕಾಲುಚೀಲದೊಂದಿಗೆ ಹಾಕುತ್ತ ಬಂದರೆ ಒಳಗಿನ ಕಾರ್ಕ್ ಪಾದದ ಆಕಾರಕ್ಕೆ ತಗ್ಗುತ್ತದೆ. ಆಮೇಲೆ ಸಿಗುವ ಹಿತ ಫೋಮ್‌ನ ಮೆತ್ತನೆಯಂಥದ್ದಲ್ಲ, ಬೇರೆ ಜಾತಿಯದು. ತೂಕ ಹೆಚ್ಚು, ಓಟಕ್ಕೆ ಒದಗದು, ಕಾರ್ಕ್ ಒಮ್ಮೆ ತಗ್ಗಿದರೆ ಶೂ ತುಸು ಸಡಿಲವಾಗುವುದೂ ಉಂಟು. ಹಾಗಾಗಿ ಅಳತೆ ನೋಡುವಾಗ ಸಂಜೆ, ಪಾದ ಉಬ್ಬಿದ ಹೊತ್ತಿನಲ್ಲಿ ನೋಡಿ. ಉದ್ದಕ್ಕೆ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಬಿಡಿ, ಅಗಲಕ್ಕೆ ಮಾತ್ರ ಬಿಗಿಯಾಗಿಯೇ ಇರಲಿ. ಅಳತೆ ತಪ್ಪಿ ಮೂಲೆ ಸೇರಿದ ಶೂವಿಗಿಂತ ದೊಡ್ಡ ಪೋಲು ಇನ್ನೊಂದಿಲ್ಲ.

ಮೊದಲು ಸವೆಯುವುದು ಹೀಲಿನ ಹೊರಮೂಲೆ. ಹೀಲಿನ ಕೆಳಗಿನ ರಬ್ಬರ್ ಪದರ ಮಾತ್ರ ಸವೆದಿರುವಾಗ ಬದಲಿಸಿದರೆ ಅರ್ಧ ಗಂಟೆಯ ಕೆಲಸ. ಅದರ ಮೇಲಿನ ಚರ್ಮದ ಪದರಗಳವರೆಗೂ ಸವೆದುಹೋದ ಮೇಲೆ ಇಡೀ ಹೀಲನ್ನೇ ಕಟ್ಟಬೇಕು. ಮುಂಭಾಗದ ಅಟ್ಟೆ ಚರ್ಮದ್ದಾದರೆ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿರಿ. ಗಟ್ಟಿಯಾಗಿದ್ದ ಜಾಗ ಮೆತ್ತಗೆ ಒಳಹೋದರೆ ತೆಳುವಾಗಿದೆ ಎಂದೇ ಅರ್ಥ, ತೂತು ಬೀಳುವತನಕ ಕಾಯಬೇಡಿ. ತೂತಾದ ದಿನದಿಂದ ಕಾರ್ಕ್ ನೆನೆಯುತ್ತದೆ, ಇನ್ಸೋಲ್ ಹಾಳಾಗುತ್ತದೆ. ಬೆರಳ ತುದಿಯಲ್ಲಿ ಅಟ್ಟೆ ಸವೆದು ವೆಲ್ಟ್ ನೆಲಕ್ಕೆ ತಾಗುವಂತಾದರೂ ಅಷ್ಟೆ. ಆಗ ಅಟ್ಟೆಯ ಜೊತೆ ವೆಲ್ಟ್ ಕೂಡ ಹೊಸದಾಗಿ ಹೊಲಿಯಬೇಕು. ವೆಲ್ಟ್‌ನಲ್ಲಿ ಹಳೆಯ ತೂತುಗಳ ಪಕ್ಕ ಹೊಸ ತೂತು ಬೀಳುವುದರಿಂದ ಅದು ಅನಂತ ಕಾಲ ತಡೆಯುವುದಿಲ್ಲ. ಹಳೆಯ ತೂತಿನಲ್ಲೇ ಸೂಜಿ ಹಾಯಿಸುವ ಕೈ ಸಿಕ್ಕರೆ ಒಂದೆರಡು ಸಲ ಹೆಚ್ಚಿಗೆ ನಡೆಯುತ್ತದೆ.

ಆರೈಕೆಯಲ್ಲಿ ಜನ ಎಡವುವುದು ಒಣಗಿಸುವಾಗ. ನೆಂದ ಶೂವನ್ನು ಬಿಸಿಲಿಗೋ ಹೀಟರ್ ಪಕ್ಕಕ್ಕೋ ಇಟ್ಟರೆ ಚರ್ಮದ ಎಣ್ಣೆಯಂಶ ಹೋಗಿ ಗಡುಸಾಗುತ್ತದೆ, ಮುಂದಿನ ಮಡಿಕೆಗೇ ಬಿರಿಯುತ್ತದೆ. ಕಾಗದ ತುರುಕಿ, ಒಂದೆರಡು ಗಂಟೆಗೊಮ್ಮೆ ಬದಲಿಸಿ, ಪಕ್ಕಕ್ಕೆ ಒರಗಿಸಿ ನೆರಳಲ್ಲಿಡಿ; ಅಡಿಗೂ ಗಾಳಿಯಾಡಬೇಕು. ದಿನ ಬಿಟ್ಟು ದಿನ ಹಾಕುವುದು ಶೋಕಿಯ ಮಾತಲ್ಲ: ಬೆವರು ಆರಲು ಪೂರಾ ಒಂದು ದಿನ ಬೇಕು. ಎರಡು ಜೋಡಿಯನ್ನು ಸರದಿಯಲ್ಲಿ ಹಾಕಿದರೆ ಒಂದಾದ ಮೇಲೊಂದು ಹಾಕಿ ಮುಗಿಸುವುದಕ್ಕಿಂತ ಹೆಚ್ಚು ಬಾಳುತ್ತವೆ. ಚರ್ಮವನ್ನು ಮೆದುವಾಗಿಡುವ ಕಂಡಿಷನರ್ ಮಾತ್ರ ಜಿಪುಣತನದಿಂದಲೇ ಬಳಸಿ, ಎರಡು ಮೂರು ತಿಂಗಳಿಗೊಮ್ಮೆ ಬಟಾಣಿ ಗಾತ್ರದಷ್ಟು ಸಾಕು. ಜಾಸ್ತಿಯಾದರೆ ಚರ್ಮ ಜೋತುಬೀಳುತ್ತದೆ.

ಇನ್ನು ಅಂಟಿನ ಸ್ನೀಕರ್. ಇದರ ಮೇಲುಭಾಗಕ್ಕೆ ಬರುವ ಉಣ್ಣೆ, ಸಾವಯವ ಹತ್ತಿ ಎಲ್ಲ ಒಳ್ಳೆಯವೇ. ಆದರೆ ಅವುಗಳ ಆಯುಷ್ಯ ಪಾದಕ್ಕೂ ಅಟ್ಟೆಗೂ ನಡುವಿನ ಮೆತ್ತನೆ ಪದರವಾದ ಮಿಡ್‌ಸೋಲ್‌ನ ಕೈಯಲ್ಲಿದೆ. ಕಬ್ಬಿನಿಂದ ತೆಗೆದ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಪ್ಲಾಸ್ಟಿಕ್) ಫೋಮ್ ಕಚ್ಚಾತೈಲವನ್ನು ಉಳಿಸುತ್ತದೆ, ಸರಿ. ರಾಸಾಯನಿಕವಾಗಿ ಅದೂ ಇವಿಎಯೇ: ತುಳಿದಷ್ಟೂ ಚಪ್ಪಟೆಯಾಗುತ್ತದೆ, ಮಣ್ಣಲ್ಲಿ ಕರಗುವುದಿಲ್ಲ. ಪಾಲಿಯುರೆಥೇನ್ ಎಂಬ ಇನ್ನೊಂದು ಫೋಮ್‌ನ ಮಿಡ್‌ಸೋಲ್‌ನ ಕಾಟ ಬೇರೆ. ಗಾಳಿಯ ತೇವಕ್ಕೆ ಅದರ ಪಾಲಿಯೆಸ್ಟರ್ ಬಗೆಯ ಕೊಂಡಿಗಳು ಮುರಿಯುತ್ತವೆ, ಹೀಗಾಗಿ ಹಾಕದೆ ಡಬ್ಬಿಯಲ್ಲಿ ಜೋಪಾನವಾಗಿಟ್ಟ ಶೂ ಕೂಡ ಕೆಲವೇ ವರ್ಷಕ್ಕೆ ಪುಡಿಪುಡಿಯಾಗುತ್ತದೆ. ರಿಯಾಯಿತಿಯಲ್ಲಿ ಹಳೆಯ ದಾಸ್ತಾನು ಕೊಳ್ಳುವ ಮುನ್ನ ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು ನೋಡಿ. ಮಿಡ್‌ಸೋಲ್‌ನ ಪಕ್ಕಕ್ಕೆ ಉಗುರು ಒತ್ತಿ. ಅಂಟಂಟಾಗಿದ್ದರೆ, ಇಲ್ಲವೇ ಹುಡಿ ಉದುರಿದರೆ, ಬಿಟ್ಟುಬಿಡಿ. ಗಿಡದ ‘ಚರ್ಮ’ಗಳ ವಿಷಯದಲ್ಲೂ ಕಣ್ಣು ಬೇಕು. ಅನಾನಸ್ ಎಲೆಯ ನಾರಿನ ಪಿನ್ಯಾಟೆಕ್ಸ್‌ನಂಥವು ನಾರಿನ ಮೇಲೆ ರಾಳದ ಲೇಪ ಹೊತ್ತ ಮಿಶ್ರವಸ್ತುಗಳು. ಬಾಳಿಕೆ ಆ ಲೇಪದಷ್ಟೇ. ಪ್ರಾಣಿಚರ್ಮ ಬೇಡ ಎನ್ನುವವರಿಗೆ ದಪ್ಪ ಕ್ಯಾನ್ವಾಸ್ ಮೇಲುಭಾಗ ಮತ್ತು ನೈಸರ್ಗಿಕ ರಬ್ಬರಿನ ವಲ್ಕನೀಕೃತ (ಗಂಧಕ ಸೇರಿಸಿ ಬಿಸಿಯಲ್ಲಿ ಗಟ್ಟಿ ಮಾಡಿದ) ಅಟ್ಟೆಯ ಸರಳ ಶೂ ನಮ್ಮ ಆಯ್ಕೆ. ಭಾಗಗಳು ಕಡಿಮೆ, ಕೆಡುವುದೂ ಕಡಿಮೆ.

ಸ್ನೀಕರ್ ಬಾಯಿ ಬಿಟ್ಟ ಮಾತ್ರಕ್ಕೆ ಎಸೆಯಬೇಕಾಗಿಲ್ಲ. ತಪ್ಪಾಗುವುದು ಆತುರದಲ್ಲಿ. ಬಿಟ್ಟ ಭಾಗವನ್ನು ಗಟ್ಟಿ ಅಂಟು ಸಿಗುವವರೆಗೆ ಇನ್ನೂ ಬಿಡಿಸಿ, ಹಳೆಯ ಅಂಟನ್ನು ಕೆರೆದು, 80 ಗ್ರಿಟ್‌ನ ಒರಟು ಉಜ್ಜುಕಾಗದದಿಂದ ಎರಡೂ ಮೈ ಒರಟು ಮಾಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಪಾಲಿಕ್ಲೋರೊಪ್ರೀನ್ ಬಗೆಯ ಕಾಂಟ್ಯಾಕ್ಟ್ ಅಂಟನ್ನು ಎರಡೂ ಕಡೆ ತೆಳುವಾಗಿ ಹಚ್ಚಿ 10ರಿಂದ 15 ನಿಮಿಷ ಸುಮ್ಮನಿರಿ. ಬೆರಳು ತಾಗಿಸಿದರೆ ಅಂಟದಂತಾಗಬೇಕು. ಒದ್ದೆಯಿರುವಾಗಲೇ ಕೂಡಿಸಿದರೆ ದ್ರಾವಕ ಒಳಗೇ ಸಿಕ್ಕಿಕೊಂಡು ವಾರದಲ್ಲಿ ಮತ್ತೆ ಬಿಡುತ್ತದೆ. ಹೇರ್ ಡ್ರೈಯರ್‌ನಿಂದ ತುಸು ಬಿಸಿ ಮಾಡಿ, ತುದಿಯಿಂದ ಹಿಂದಕ್ಕೆ ಒತ್ತುತ್ತ ಬನ್ನಿ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ 24 ಗಂಟೆ ಮುಟ್ಟಬೇಡಿ. ಸೂಪರ್ ಗ್ಲೂ ಬೇಡವೇ ಬೇಡ, ಅದು ಗಾಜಿನಂತೆ ಗಡುಸಾಗಿ ಮೊದಲ ಮಡಿಕೆಗೇ ಒಡೆಯುತ್ತದೆ. ಇವಿಎಗೆ ಮೊದಲು ಪ್ರೈಮರ್ (ಅಂಟು ಹಿಡಿಯಲೆಂದು ಬಳಿಯುವ ದ್ರವ) ಹಚ್ಚದೆ ಯಾವ ಅಂಟೂ ಸರಿಯಾಗಿ ಹಿಡಿಯದು.

ಪ್ರಮಾಣಪತ್ರಗಳಲ್ಲಿ ಯಾವುದು ಏನು ಹೇಳುತ್ತದೆ ಎಂಬುದಷ್ಟೇ ಮುಖ್ಯ. ಲೆದರ್ ವರ್ಕಿಂಗ್ ಗ್ರೂಪ್ ಪರೀಕ್ಷಿಸುವುದು ಚರ್ಮ ಹದ ಮಾಡುವ ಕಾರ್ಖಾನೆಯನ್ನು, ನಿಮ್ಮ ಕೈಯಲ್ಲಿರುವ ಶೂವನ್ನಲ್ಲ. ಓಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ನೋಡುವುದು ಬಟ್ಟೆಯಲ್ಲಿ ಹಾನಿಕರ ರಾಸಾಯನಿಕ ಉಳಿದಿದೆಯೇ ಎಂದು. ‘ಮರುಬಳಕೆಯ ವಸ್ತು’ ಎಂದು ಬರೆದಿದ್ದರೆ ಶೇಕಡಾ ಎಷ್ಟು, ಯಾವ ಭಾಗದಲ್ಲಿ ಎಂದು ಕೇಳಿ; ಲೇಸು ಮಾತ್ರ ಮರುಬಳಕೆಯದಾಗಿದ್ದರೂ ಡಬ್ಬಿಯ ಮೇಲೆ ಎಲೆ ಬರುತ್ತದೆ.

ಹಳೆಯದನ್ನು ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಡಬ್ಬಗಳ ಮೇಲೆ ಅತಿಯಾದ ಭರವಸೆ ಬೇಡ. 2023ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆ ಸಿಂಗಪುರದ ಮರುಬಳಕೆ ಡಬ್ಬಗಳಿಗೆ ಹಾಕಿದ 11 ಜೋಡಿ ಶೂಗಳಲ್ಲಿ ಜಾಡು ಹಿಡಿಯುವ ಸಾಧನ ಇಟ್ಟು ನೋಡಿತ್ತು. ಪುಡಿಯಾಗಿ ಆಟದ ಮೈದಾನದ ನೆಲಹಾಸಾಗಬೇಕಿದ್ದವುಗಳಲ್ಲಿ ಒಂದೂ ಅಲ್ಲಿಗೆ ಸೇರಲಿಲ್ಲ. ಹಲವು ಇಂಡೊನೇಷ್ಯಾದ ಹಳೆಸಾಮಾನಿನ ಸಂತೆ ಕಂಡವು. ಅಂಟು, ಫೋಮ್, ಬಟ್ಟೆ, ರಬ್ಬರ್ ಒಂದರೊಳಗೊಂದು ಬೆಸೆದುಕೊಂಡ ವಸ್ತುವನ್ನು ಬೇರ್ಪಡಿಸುವುದು ಹೇಗೂ ಕಷ್ಟವೇ.

ವೆಲ್ಟ್ ಶೂವನ್ನು ಅಟ್ಟೆ ಬದಲಿಸಲು ಕೊಡುವಾಗ ಲೇಸು ಬಿಚ್ಚಿಟ್ಟುಕೊಳ್ಳಿ, ಆ ಶೂ ಹೊಲಿದಾಗ ಬಳಸಿದ ಪಾದದಾಕಾರದ ಅಚ್ಚಿನ ಮೇಲೆಯೇ ಕೂರಿಸುತ್ತಾರೋ ಎಂದು ಕೇಳಿ. ಅಚ್ಚಿಲ್ಲದೆ ಹೊಲಿದರೆ ತುದಿ ಮೇಲಕ್ಕೆದ್ದು ಅಳತೆ ತುಸು ಕುಗ್ಗಬಹುದು. ಕಾರ್ಕ್ ಹೊಸದಾಗಿ ತುಂಬಿಸಿದ್ದರೆ ಮತ್ತೆ ಒಂದೆರಡು ವಾರ ಪಾದ ಹೊಂದಿಕೊಳ್ಳಬೇಕಾಗುತ್ತದೆ. ಅಳತೆ ತಪ್ಪಿತೆಂದು ಗಾಬರಿಯಾಗಬೇಡಿ.