ಚಾರ್ಜಿಂಗ್ ಕೇಬಲ್‌ಗೆ ಸೀಲಿಂಗ್ ರೀಲ್ ಹಾಕಿಸುವ ಮುಂಚೆ ಇದನ್ನು ಓದಿ

ಎಲೆಕ್ಟ್ರಿಕ್ ಕಾರು ಇಟ್ಟುಕೊಂಡವರು, ಗ್ಯಾರೇಜಿನ ಸೀಲಿಂಗ್‌ಗೆ ಕೇಬಲ್ ಸುತ್ತಿಕೊಳ್ಳುವ ರೀಲ್ ಹಾಕಿಸಬೇಕು ಅಂತಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಬರಹ ಹಿಂದೆ ಮುಂದೆ ಆದರೆ ಹೊಂದಿಸಿಕೊಳ್ಳಿ.

ಕೇಬಲ್ ನೆಲದ ಮೇಲೆ ಬಿದ್ದಿದ್ದರೆ ಎಷ್ಟು ಕಾಟ ಅಂತ ನಿಮಗೆ ಗೊತ್ತೇ ಇದೆ. ಕಾಲಿಗೆ ತೊಡರುತ್ತದೆ. ಟೈರು ಹತ್ತುತ್ತದೆ. ಮಳೆಯಲ್ಲಿ ನೆನೆದು ಬಂದ ಕಾರಿನಿಂದ ಇಳಿಯುವ ಕೆಸರು ನೀರೆಲ್ಲ ಅದಕ್ಕೇ ಮೆತ್ತಿಕೊಳ್ಳುತ್ತದೆ. ಗನ್, ಅಂದರೆ ಕಾರಿಗೆ ಸಿಕ್ಕಿಸುವ ತುದಿ, ಕೆಳಗೆ ಬಿದ್ದರೆ ಪಿನ್ನುಗಳ ಒಳಗೆ ಮಣ್ಣು ಸೇರುತ್ತದೆ, ಆಮೇಲೆ ಅದೇ ಜಾಗ ಬಿಸಿಯಾಗಲು ಶುರು. ಅದಕ್ಕೇ ಕೇಬಲ್ ಮೇಲೆ ಇರಲಿ ಅಂತ ನೋಡಿದೆ. ಬೇಕಾದಾಗ ಎಳೆದುಕೊಳ್ಳುವುದು, ಮುಗಿದ ಮೇಲೆ ತಾನೇ ಸುತ್ತಿಕೊಳ್ಳುವುದು. ಅಷ್ಟೇ ನಾನು ಕೇಳಿದ್ದು.

ಮಾರುವವರ ಹತ್ತಿರ ಸ್ಪಷ್ಟವಾಗಿ ಹೇಳಿದೆ. ನನ್ನದು 7.4 ಕಿಲೋವ್ಯಾಟ್ ಚಾರ್ಜರ್, 32 ಆಂಪ್ ಎಳೆಯುತ್ತದೆ, ರಾತ್ರಿ ಗಂಟೆಗಟ್ಟಲೆ ಬಿಡದೆ ಓಡುತ್ತದೆ, ರೀಲ್ ತಡೆಯುತ್ತಾ? "ಇದು ಕಾರು ಚಾರ್ಜಿಂಗ್‌ಗೆ ಅಂತಲೇ ಮಾಡಿರೋದು ಸರ್. 32 ಆಂಪ್. ಎಷ್ಟು ಹೊತ್ತು ಬೇಕಾದ್ರೂ ಓಡಿಸಿ" ಅಂದರು. ಫೋನಿನಲ್ಲಿ ಹೇಳಿದ್ದು ಸಾಲದು ಅಂತ ಮೆಸೇಜ್‌ನಲ್ಲೂ ಕೇಳಿದೆ. ಅಲ್ಲೂ ಅದೇ ಉತ್ತರ. ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ.

ಫಿಟ್ ಮಾಡಲು ಬಂದ ದಿನ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಚಾರ್ಜರ್‌ನ ಕೇಬಲ್ ಎರಡು ತುಂಡಾಗಿತ್ತು. ಕಂಪನಿಯಿಂದ ಬಂದ ಕೇಬಲ್ ಅದು! ಒಂದು ಮಾತು ಕೇಳಿಲ್ಲ. "ರೀಲ್ ಒಳಗೆ ಸ್ಲಿಪ್ ರಿಂಗ್ ಇರುತ್ತೆ ಸರ್, ಕಟ್ ಮಾಡದೆ ಆಗಲ್ಲ. ಎಲ್ಲರಿಗೂ ಹೀಗೇ ಮಾಡೋದು" ಅಂದರು. ರೀಲ್ ತಿರುಗುವಾಗ ಒಳಗಿನ ವೈರ್ ತಿರುಚಿಕೊಳ್ಳಬಾರದು ಅಂತ ಸ್ಲಿಪ್ ರಿಂಗ್ ಅನ್ನುವ ತಿರುಗುವ ಜಾಯಿಂಟ್ ಇರುತ್ತದೆ, ಅದು ನಿಜ. ಆದರೆ ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ? ಕತ್ತರಿಸಿ ಆದ ಮೇಲೆ ನಾನು ಏನು ಹೇಳಲಿ?

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಚಾರ್ಜಿಂಗ್ ನಡುರಾತ್ರಿ ನಿಂತುಹೋಗಲು ಶುರುವಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಟರಿ ಅರ್ಧಕ್ಕೇ ನಿಂತಿರುತ್ತಿತ್ತು. ಫೋನ್ ಮಾಡಿದರೆ "ಕಾರಿನ ಸಾಫ್ಟ್‌ವೇರ್ ಪ್ರಾಬ್ಲಮ್ ಸರ್." ನಂತರ ಒಂದು ದಿನ ಗ್ಯಾರೇಜ್ ಬಾಗಿಲು ತೆಗೆದರೆ ಪ್ಲಾಸ್ಟಿಕ್ ಸುಟ್ಟ ವಾಸನೆ. ರೀಲ್ ಮೇಲೆ ಕೈ ಇಡಲು ಆಗುತ್ತಿರಲಿಲ್ಲ, ಅಷ್ಟು ಬಿಸಿ.

ಪರಿಚಯದ ಎಲೆಕ್ಟ್ರಿಷಿಯನ್ ಬಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ರೀಲ್ ತಣ್ಣಗಾದ ಮೇಲೆ ಕವರ್ ಬಿಚ್ಚಿದರು. ಮೇಲಿನ ಸುತ್ತು ಸರಿಯಾಗಿಯೇ ಇತ್ತು. ಒಳಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿದರೆ ಚರ್‌ ಅಂತ ಬಂತು, ಒಂದು ಸುತ್ತಿನ ಅಚ್ಚು ಇನ್ನೊಂದರ ಮೇಲೆ ಒತ್ತಿಕೊಂಡಿತ್ತು. ಕೇಬಲ್ ಅಲ್ಲಲ್ಲಿ ಚಪ್ಪಟೆಯಾಗಿತ್ತು. ಜಾಯಿಂಟ್ ಹಾಕಿದ ಜಾಗದಲ್ಲಿ ಕನೆಕ್ಟರ್ ಕಂದು ಬಣ್ಣಕ್ಕೆ ತಿರುಗಿತ್ತು. ಪೈಲಟ್ ವೈರ್ ಅಂತ ಒಂದು ಸಣ್ಣ ವೈರ್ ಇರುತ್ತದೆ, ಚಾರ್ಜರ್ ಮತ್ತು ಕಾರು ಮಾತಾಡಿಕೊಳ್ಳುವುದು ಅದರ ಮೂಲಕ. ಅದು ಕಡಿದರೆ ಚಾರ್ಜಿಂಗ್ ನಿಲ್ಲುತ್ತದೆ. ಅದನ್ನು ಬರೀ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಸಾಫ್ಟ್‌ವೇರ್ ಪ್ರಾಬ್ಲಮ್ ಅಂದಿದ್ದು ಇದಕ್ಕೆ.

ಇದಕ್ಕಿಂತ ಹೊಟ್ಟೆ ಉರಿದದ್ದು ಮುಂದೆ. ರೀಲ್ ಪಕ್ಕದಲ್ಲಿ ದೊಡ್ಡದಾಗಿ "32 ಆಂಪ್" ಅಂತ ಸ್ಟಿಕ್ಕರ್ ಇತ್ತು. ಬಿಸಿಗೆ ಅದರ ಮೂಲೆ ಎದ್ದಿತ್ತು. ಎಲೆಕ್ಟ್ರಿಷಿಯನ್ ಉಗುರಿನಿಂದ ಎಬ್ಬಿಸಿದರು. ಕೆಳಗೆ ರೀಲ್ ತಯಾರಿಸಿದವರದೇ ಲೇಬಲ್: ಪೂರ್ತಿ ಬಿಚ್ಚಿದಾಗ 16 ಆಂಪ್, ಸುತ್ತಿದ್ದಾಗ 6 ಆಂಪ್. ಗೊತ್ತಿದ್ದೇ ಮುಚ್ಚಿದ್ದಾರೆ. ಗೊತ್ತಿಲ್ಲದವರು ಲೇಬಲ್ ಮೇಲೆ ಸ್ಟಿಕ್ಕರ್ ಯಾಕೆ ಅಂಟಿಸುತ್ತಾರೆ? ಎಲೆಕ್ಟ್ರಿಷಿಯನ್ ಮುಂದೆ ನನಗೆ ತಲೆ ಎತ್ತಲು ಆಗಲಿಲ್ಲ. ಮನೆಯವರು ಮಲಗಿದ್ದಾಗ ಇದು ತಲೆಯ ಮೇಲೆ ಉರಿಯುತ್ತಿತ್ತು ಅಂತ ನೆನೆಸಿಕೊಂಡರೆ ಈಗಲೂ ಮೈ ನಡುಗುತ್ತದೆ.

ಆ ಎರಡು ನಂಬರ್ ಯಾಕೆ ಅಂದರೆ, ಬಿಡಿಸಿದ ಕೇಬಲ್‌ಗೆ ಸುತ್ತ ಗಾಳಿ ಸಿಗುತ್ತದೆ, ಬಿಸಿ ಹೊರಗೆ ಹೋಗುತ್ತದೆ. ಸುತ್ತಿದರೆ ಎಲ್ಲ ಒಳಗೇ ಉಳಿಯುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಸಾಮಾನ್ಯ ಎಕ್ಸ್‌ಟೆನ್ಷನ್ ರೀಲ್ ಮೇಲೂ ಹೀಗೆ ಎರಡು ನಂಬರ್ ಬರೆದಿರುತ್ತಾರೆ, ನೋಡಿ.

ಇನ್ನು ರೀಲ್ ಮಾರಿದವರ ಉತ್ತರಗಳು. ಫೋಟೊ ಕಳಿಸಿದೆ. "ಎಂಸಿಬಿ ಟ್ರಿಪ್ ಆಗಿಲ್ಲ ಅಂದ್ಮೇಲೆ ಓವರ್‌ಲೋಡ್ ಆಗಿಲ್ಲ ಸರ್." ನನ್ನ ಎಂಸಿಬಿ 40 ಆಂಪ್‌ನದು, ಹರಿಯುತ್ತಿದ್ದದ್ದು 32. ಅದು ಯಾಕೆ ಬೀಳುತ್ತದೆ? ಸೀಲಿಂಗ್‌ನಲ್ಲಿರುವ ರೀಲ್ ಒಳಗೆ ಎಷ್ಟು ಬಿಸಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಎರಡನೇ ಉತ್ತರ: "ಕೇಬಲ್ ಪೂರ್ತಿ ಎಳೆದು ಚಾರ್ಜ್ ಮಾಡ್ಬೇಕಿತ್ತು ಸರ್." ಪೂರ್ತಿ ಎಳೆದರೆ ಕೇಬಲ್ ಎಲ್ಲಿರುತ್ತದೆ? ನೆಲದ ಮೇಲೆ! ನೆಲದ ಮೇಲೆ ಬೇಡ ಅಂತ ತಾನೇ ನಾನು ದುಡ್ಡು ಕೊಟ್ಟದ್ದು? ಪೂರ್ತಿ ಎಳೆದಿದ್ದರೂ ಅದು 16 ಆಂಪ್‌ನ ರೀಲ್, 32ರದ್ದಲ್ಲ. ಇದನ್ನು ಕೇಳಿದರೆ "ಹಾಗಾದ್ರೆ ಚಾರ್ಜರ್‌ನಲ್ಲಿ 6 ಆಂಪ್‌ಗೆ ಇಟ್ಕೊಳ್ಳಿ" ಅಂದರು. ಒಂದು ರಾತ್ರಿಯಲ್ಲಿ ಆಗುವ ಚಾರ್ಜಿಂಗ್‌ಗೆ ಐದು ರಾತ್ರಿ ಕಾಯಬೇಕಂತೆ.

ಸ್ಟಿಕ್ಕರ್ ಬಗ್ಗೆ ಮಾತ್ರ ಉತ್ತರವೇ ಇಲ್ಲ. ಮತ್ತೆ ಮತ್ತೆ ಕೇಳಿದೆ, ಸ್ಟಿಕ್ಕರ್ ಯಾರು ಅಂಟಿಸಿದ್ದು ಅಂತ. ಕೊನೆಗೆ, ಚೆನ್ನಾಗಿದೆ ಅಂತ ರಿವ್ಯೂ ಬರೆದರೆ ಅರ್ಧ ದುಡ್ಡು ವಾಪಸ್ ಕೊಡುತ್ತೇವೆ ಅಂದರು. ಆಗಲ್ಲ ಅಂದೆ. ಅಲ್ಲಿಂದ ಮೆಸೇಜ್ ಓದುತ್ತಾರೆ, ಉತ್ತರ ಇಲ್ಲ. ಚಾರ್ಜರ್ ಕಂಪನಿಯವರು ಕೇಬಲ್ ಕತ್ತರಿಸಿದ್ದಕ್ಕೆ ವಾರಂಟಿ ಹೋಯಿತು ಅಂದರು. ಹೊಸ ಕೇಬಲ್ ನಾನೇ ಹಾಕಿಸಿಕೊಂಡೆ.

ಈಗ ಗೋಡೆಗೆ ಅಗಲವಾದ, ಅಂಚು ದುಂಡಗಿರುವ ಹ್ಯಾಂಗರ್ ಹಾಕಿದ್ದೇನೆ. ಕೇಬಲ್ ಅದರ ಮೇಲೆ ಸಡಿಲವಾಗಿ ಇರುತ್ತದೆ, ಗನ್‌ಗೆ ಬೇರೆ ಹೋಲ್ಡರ್. ಚಾರ್ಜ್ ಮಾಡುವಾಗ ಸುತ್ತು ತೆಗೆದು ಬಿಡುತ್ತೇನೆ. ಮೇಲಿಂದಲೇ ಬೇಕು ಅನ್ನುವವರು ವರ್ಕ್‌ಶಾಪ್‌ಗಳಲ್ಲಿ ಭಾರದ ಟೂಲ್ ತೂಗುಹಾಕುವ ಸ್ಪ್ರಿಂಗ್ ಬ್ಯಾಲೆನ್ಸರ್ ನೋಡಿ. ನಿಮ್ಮ ಕೇಬಲ್‌ನ ತೂಕಕ್ಕೆ ಸರಿಹೊಂದುವುದನ್ನೇ ತೆಗೆದುಕೊಳ್ಳಿ. ಅದು ಕೇಬಲ್ಲನ್ನು ನಡುವೆ ಹಿಡಿದು ಎತ್ತುತ್ತದೆ ಅಷ್ಟೇ, ಸುತ್ತುವುದಿಲ್ಲ, ಕತ್ತರಿಸುವುದೂ ಬೇಡ. ರೀಲೇ ಬೇಕು ಅಂದರೆ ಸುತ್ತಿದ್ದಾಗ ಎಷ್ಟು ಆಂಪ್ ಅಂತ ಬರಹದಲ್ಲಿ ಕೇಳಿ. ಕೊಡದಿದ್ದರೆ ಬಿಟ್ಟುಬಿಡಿ. ಕಟ್ಟರ್ ಹಿಡಿದು ಬಂದವರನ್ನು ಕೇಬಲ್ ಹತ್ತಿರ ಬಿಡಬೇಡಿ.

ಈಗಾಗಲೇ ಇಂಥ ರೀಲ್ ಹಾಕಿಸಿಕೊಂಡವರು ಇವತ್ತು ರಾತ್ರಿ ಚಾರ್ಜ್‌ಗೆ ಹಾಕುವ ಮುಂಚೆ ಎಂಸಿಬಿ ಇಳಿಸಿ, ಮೇಲಿನ ಸ್ಟಿಕ್ಕರ್ ಕಿತ್ತು, ಕೆಳಗೆ ಬೇರೆ ಲೇಬಲ್ ಇದೆಯಾ ನೋಡಿ.