ಬಯಾಪ್ಸಿ ರಿಪೋರ್ಟ್ ಒಂದನ್ನೇ ಹಿಡಿದು ಬೆಂಗಳೂರಿಗೆ ಹೋಗಬೇಡಿ

ಎಲೆಅಡಿಕೆ ಜೊತೆ ಕಡ್ಡಿಪುಡಿ (ತಂಬಾಕು) ಹಾಕುವವರು ಕೋಲಾರದ ಕಡೆ ಕಡಿಮೆಯೇನಿಲ್ಲ. ಬಾಯಿಹುಣ್ಣಾದರೆ ಮೈಗೆ ಉಷ್ಣ ಅಂದುಕೊಂಡು ಸುಮ್ಮನಾಗುವುದೂ ಮಾಮೂಲು. ಶ್ರೀನಿವಾಸಪುರ ಕಡೆಯ ಅಜ್ಜಿಯೊಬ್ಬರ ಕೆನ್ನೆಯೊಳಗಿನ ಹುಣ್ಣಿಗೆ ಮೊದಲು ಬಿ ಕಾಂಪ್ಲೆಕ್ಸ್ ಮಾತ್ರೆ, ಆಮೇಲೆ ಮುಲಾಮು, ಕೊನೆಗೆ ಹಲ್ಲು ಚುಚ್ಚುತ್ತಿದೆ ಎಂದು ಪಕ್ಕದ ಹಲ್ಲನ್ನೇ ಕೀಳಿಸಿದರು. ಕಿತ್ತ ಗುಂಡಿ ಮಾಯಲಿಲ್ಲ. ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಬಯಾಪ್ಸಿ (ಹುಣ್ಣಿನ ಸಣ್ಣ ತುಣುಕು ತೆಗೆದು ಪರೀಕ್ಷಿಸುವುದು) ಮೊದಲು, ಹಲ್ಲು ಆಮೇಲೆ.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂತು. ಮಗ ರಿಪೋರ್ಟ್ ಹಿಡಿದು ಬೆಂಗಳೂರಿಗೆ ಓಡಿದರು. ಅಲ್ಲಿ ಕೇಳಿದ್ದು: ಬ್ಲಾಕ್ ಎಲ್ಲಿ, ಸ್ಲೈಡ್ ಎಲ್ಲಿ?

ಕಿದ್ವಾಯಿ ಇರಲಿ, ಬೇರೆ ಕ್ಯಾನ್ಸರ್ ಆಸ್ಪತ್ರೆ ಇರಲಿ, ಹೊರಗಿನ ರಿಪೋರ್ಟನ್ನಷ್ಟೇ ನಂಬಿ ಆಪರೇಷನ್‌ಗೆ ಇಳಿಯುವುದಿಲ್ಲ; ತಮ್ಮ ಪೆಥಾಲಜಿಸ್ಟ್ (ತುಣುಕು ಪರೀಕ್ಷಿಸುವ ಡಾಕ್ಟರ್) ಕೈಲಿ ಸ್ಲೈಡ್ ಮತ್ತೆ ನೋಡಿಸುತ್ತಾರೆ. ಸ್ಲೈಡ್ ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ತುಣುಕಿನ ತೆಳು ಪದರ ಅಂಟಿಸಿದ ಗಾಜು; ಬ್ಲಾಕ್ ಎಂದರೆ ತೆಗೆದ ತುಣುಕನ್ನು ಮೇಣದಲ್ಲಿ ಕೂರಿಸಿದ ಸಣ್ಣ ಬಿಲ್ಲೆ. ಇಲ್ಲಿನ ಲ್ಯಾಬ್ ಅದನ್ನು ಬೇರೆ ಊರಿನ ಲ್ಯಾಬಿಗೆ ಕಳಿಸಿತ್ತು, ಕೈಗೆ ಸಿಗಲಿಲ್ಲ. ಮತ್ತೆ ಬಯಾಪ್ಸಿ, ಮತ್ತೆ ಕಾಯುವುದು. ಹೀಗೆ ಹೋದ ವಾರಗಳು ಯಾವ ಆಸ್ಪತ್ರೆಯ ವೇಟಿಂಗ್ ಲಿಸ್ಟಿನಲ್ಲೂ ಕಾಣುವುದಿಲ್ಲ. ರಿಪೋರ್ಟ್‌ಗೆ ಲ್ಯಾಮಿನೇಷನ್ ಮಾಡಿಸುವವರು ಬೇಕಾದಷ್ಟು, ಬ್ಲಾಕ್ ಕೇಳುವವರು ಅಪರೂಪ. ಕೇಳಿ, ಸಹಿ ಹಾಕಿಸಿಕೊಂಡು ಕೊಡುತ್ತಾರೆ.

ತುಣುಕನ್ನು ಹುಣ್ಣಿನ ಅಂಚಿನಿಂದ ತೆಗೆಯಬೇಕು. ನಡುಭಾಗದಲ್ಲಿ ಬಹಳ ಸಲ ಸತ್ತ ಮಾಂಸವೇ ಇರುತ್ತದೆ, ರಿಪೋರ್ಟ್ ಏನೂ ಹೇಳದೆ ವಾಪಸ್ ಬರುತ್ತದೆ. ಬಾಟಲಿಯಲ್ಲಿ ತುಣುಕು ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್ ದ್ರಾವಣ ಇರಬೇಕು, ಅದೂ ತುಣುಕಿನ ಹತ್ತು ಪಟ್ಟು. ನೀರು ಅಥವಾ ಸಲೈನ್‌ನಲ್ಲಿ ಹಾಕಿಟ್ಟರೆ ತುಣುಕು ಕೆಡುತ್ತದೆ. 'ಕ್ಯಾನ್ಸರ್ ಇಲ್ಲ' ಎಂದು ಬಂದರೂ ಹುಣ್ಣು ಹಾಗೇ ಇದ್ದರೆ ಇನ್ನೊಮ್ಮೆ ಮಾಡಿಸಿ.

ಸಿಟಿ ಸ್ಕ್ಯಾನ್ ಆಗಿದ್ದರೆ ಫಿಲ್ಮ್ ಜೊತೆ ಸಿಡಿಯನ್ನೂ ತೆಗೆದುಕೊಳ್ಳಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಆಪರೇಷನ್‌ಗೆ ಮೊದಲೇ ಅನುಮೋದನೆ ಬರಬೇಕು. ರಿಪೋರ್ಟ್ ಬಂದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ರೆಫರಲ್ ಪತ್ರ ಬರೆಸಿಕೊಳ್ಳಿ. ಆಧಾರ್ ಮತ್ತು ರೇಷನ್ ಕಾರ್ಡಿನಲ್ಲಿ ಹೆಸರು ಹೊಂದುತ್ತದೆಯೇ ಎಂದು ಮನೆಯಲ್ಲೇ ನೋಡಿ.

ಇನ್ನೊಂದು, ಹಲ್ಲಿನ ವಿಷಯ. ಆಪರೇಷನ್ ಆದಮೇಲೆ ರೇಡಿಯೇಷನ್ ಬೇಕಾದರೆ ಅದು 6 ವಾರದೊಳಗೆ ಶುರುವಾಗಬೇಕು. ಹುಳುಕು ಹಲ್ಲುಗಳನ್ನು ಅದಕ್ಕೂ ಮೊದಲು ತೆಗೆಯಬೇಕು, ಆ ಗಾಯ ಮಾಯಲು ಎರಡು ಮೂರು ವಾರ ಬೇಕು. ರೇಡಿಯೇಷನ್ ಆದಮೇಲೆ ಕಿತ್ತರೆ ದವಡೆ ಮೂಳೆಯೇ ಕೊಳೆಯುವ ಅಪಾಯವಿದೆ. ಆದ್ದರಿಂದ ಆಪರೇಷನ್ ದಿನಾಂಕ ಕೊಡುವಾಗಲೇ, ಅದೇ ಅರಿವಳಿಕೆಯಲ್ಲಿ ಆ ಹಲ್ಲುಗಳನ್ನೂ ತೆಗೆಯಬಹುದೇ ಎಂದು ಸರ್ಜನ್ ಹತ್ತಿರ ಕೇಳಿ.